ನಾಲ್ಕನೇ ಮಳೆಗಾಲದ ರಿಪೇರಿ: ಹೈಸ್ಕೂಲ್ ಬ್ಯಾಚ್ ಗುಂಪಿನಲ್ಲಿ

(ವಿನಾಯಕ ಒಂದು ಲೇಖನ ಫಾರ್ವರ್ಡ್ ಮಾಡಿದ್ದಾನೆ)

ವಿನಾಯಕ: ಎಲ್ಲರೂ ಓದಿ. ಮಠ, ಚರ್ಚು, ಮಸೀದಿಯವರು ನಡೆಸೂ ಸಂಸ್ಥೆಗಳಿಗೆ ಕಂಪನಿಗಳು ದುಡ್ಡು ಸುರೀತಾ ಇದ್ದಾವೆ. ಬಡತನ ನೋಡ್ಕೊಳ್ಳೂದು ಸರ್ಕಾರದ ಕೆಲಸ. ದೇವರ ಕೆಲಸಕ್ಕೆ ಕಾಣಿಕೆ ಡಬ್ಬಿ ಸಾಕು.

ಶೈಲಾ: ಸಾಕಾಗೂದಿಲ್ಲ ಮಾರಾಯ. ಶಾಲೆ ಮಕ್ಕಳಿಗೆ ಬಿಸಿಯೂಟ ಕೊಡೂ ಅಕ್ಷಯ ಪಾತ್ರ ಸಂಸ್ಥೆ ನೋಡು. 2000ದಲ್ಲಿ ಬೆಂಗಳೂರಿನ ಇಸ್ಕಾನ್‌ನವರು ಐದು ಶಾಲೆಯ 1500 ಮಕ್ಕಳಿಗೆ ಊಟ ಹಾಕೂಕೆ ಶುರು ಮಾಡಿದ್ದು. ಸರ್ಕಾರದ ಅಕ್ಕಿ, ದಾನಿಗಳ ದುಡ್ಡು ಎರಡೂ ಸೇರಿದ್ದಕ್ಕೇ ಅಷ್ಟು ಬೆಳೀತು.

ವಿನಾಯಕ: ಈರುಳ್ಳಿ ಬೆಳ್ಳುಳ್ಳಿ ಹಾಕೂದಿಲ್ಲ ಅಂತ ಗಲಾಟೆ ಆಯ್ತಲ್ಲ? ಅವರ ನಂಬಿಕೆ ಮಕ್ಕಳ ತಟ್ಟೆಗೆ ಬಂತೋ ಇಲ್ವೋ?

ಶೈಲಾ: ಬಂತು, ಒಪ್ಪಿದೆ. ದುಡ್ಡು ಕೊಡೋರು ಅದನ್ನ ಮೊದಲೇ ಮಾತಾಡ್ಕೋಬೇಕು. ಆದ್ರೆ ನನ್ನ ಸಿಟ್ಟು ಬೇರೆ. ನಾನು ಆರು ವರ್ಷ ಹೊನ್ನಾವರದ ಕಡೆ ಚರ್ಚಿನ ಒಂದು ಸಂಸ್ಥೆಯಲ್ಲಿ ಲೆಕ್ಕ ಬರೆದವಳು. ಒಣಮೀನು ಮಾಡೂ ಹೆಂಗಸರಿಗೆ ಒಂದು ಕಂಪನಿ ಎರಡು ಸೋಲಾರ್ ಡ್ರೈಯರ್ ಕೊಡ್ತು. ಮೊದಲೆಲ್ಲ ಬಂಗಡೆ ಮರಳ ಮೇಲೆ ಹರಡೂದು, ಒಂದು ಹನಿ ಬಿದ್ರೂ ಓಡಿ ಬಾಚ್ಕೊಳ್ಳೂದು. ಡ್ರೈಯರ್ ಬಂದ ಮೇಲೆ ಮರಳಿಲ್ಲದ ಮೀನಿಗೆ ಒಳ್ಳೆ ರೇಟು ಸಿಕ್ತು. ಮೂರು ವರ್ಷಕ್ಕೆ ಯೋಜನೆ ಮುಗೀತು. ನಾಲ್ಕನೇ ಮಳೆಗಾಲ ಉಪ್ಪುಗಾಳಿಗೆ ಫ್ಯಾನು ತುಕ್ಕು ಹಿಡೀತು. ಕಂಪನಿಗೆ ಬರೆದ್ರೆ ಫೈಲು ಮುಚ್ಚಿ ಆಯ್ತು ಅಂದ್ರು. ನಮ್ಮ ಸಂಸ್ಥೆಯ ಸಿಸ್ಟರ್ (ಕ್ರೈಸ್ತ ಸನ್ಯಾಸಿನಿ) ಒಬ್ರು ಫ್ಯಾನು ಬಿಚ್ಚಿ, ಗೋಣಿಚೀಲದಲ್ಲಿ ಕಟ್ಕೊಂಡು, ಬಸ್ಸಲ್ಲಿ ಕುಮಟಾಕ್ಕೆ ಹೋಗಿ ರಿಪೇರಿ ಮಾಡಿಸಿ ತಂದ್ರು. ಆ ಬಸ್ ಚಾರ್ಜು ಬರೆಯೂಕೆ ಯಾವ ದಾನಿಯ ಫಾರ್ಮಲ್ಲೂ ಜಾಗ ಇರ್ಲಿಲ್ಲ. ಯೋಜನೆ ಮುಗಿದ ಮೇಲೂ ಊರಲ್ಲಿ ಉಳಿಯೋರು ಅವರೇ ವಿನಾಯಕ.

ನಾಸಿರ್: 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆ ತಿದ್ದಿದ ಮೇಲೆ ಇನ್ನೂ ಕಷ್ಟ. ಬಂದ ವಿದೇಶಿ ದುಡ್ಡಲ್ಲಿ ಆಡಳಿತದ ಖರ್ಚು ನೂರಕ್ಕೆ 50ರ ತನಕ ಮಾಡ್ಬಹುದಿತ್ತು, ಈಗ 20. ದೊಡ್ಡ ಸಂಸ್ಥೆ ತನಗೆ ಬಂದ ವಿದೇಶಿ ದುಡ್ಡನ್ನ ಹಳ್ಳಿಯ ಸಣ್ಣ ಸಂಸ್ಥೆಗೆ ದಾಟಿಸೂ ಹಾಗೇ ಇಲ್ಲ.

ವಿನಾಯಕ: ಬಿಗಿ ಇರ್ಲಿ ಬಿಡು. ದುಡ್ಡು ಎಲ್ಲಿ ಹೋಯ್ತು ಅಂತ ಕೇಳಬಾರದಾ?

ಶೈಲಾ: ಕೇಳಲೇಬೇಕು. ಆ ಹೆಂಗಸರೂ ಕೇಳಬೇಕಿತ್ತು. ನಾವು ದಾನಿಗೆ ಇಂಗ್ಲಿಷಲ್ಲಿ ರಿಪೋರ್ಟ್ ಕಳಿಸಿದ್ವಿ, ಆ ಹೆಂಗಸರೆದುರು ಒಂದು ಸಲವೂ ಓದಲಿಲ್ಲ. ಅದು ನಮ್ಮ ತಪ್ಪು, ನನ್ನದೂ. ಲೆಕ್ಕ ಊರವರ ಮುಂದೆ ಓದಿ, ನಾಲ್ಕನೇ ವರ್ಷದ ರಿಪೇರಿಗೂ ದುಡ್ಡು ಇಡಿ ಅಂತ ನಾನು ಹೇಳೂದು.

ವಿನಾಯಕ: ಆ ಡ್ರೈಯರ್ ಈಗ ಓಡ್ತದಾ?

ಶೈಲಾ: ಎರಡರಲ್ಲಿ ಒಂದು.