ಹಳೇ ಎಚ್‌ಎಂಟಿ 5911 ಟ್ರ್ಯಾಕ್ಟರ್: ಸ್ಲೆಡ್ ಎಳೆಯೋಕೆ ಎಂಜಿನ್ ಹೇಗೆ ರೆಡಿ ಮಾಡೋದು?

ರಾಜಾನುಕುಂಟೆ ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮದು ಯಲಹಂಕದಾಚೆ ರಾಜಾನುಕುಂಟೆ. ಅಪ್ಪನ 5911 ಶೆಡ್ಡಲ್ಲಿದೆ. 4 ಸಿಲಿಂಡರ್, 3456 ಸಿಸಿ, ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬೋದು) ಇಲ್ಲ. ಹೋದ ವರ್ಷ ಹೊಸ ಲೈನರ್, ಪಿಸ್ಟನ್ ಹಾಕಿಸಿದೆ. ಅಮೆರಿಕದವರು ಟ್ರ್ಯಾಕ್ಟರಲ್ಲಿ ಸ್ಲೆಡ್ (ಭಾರ ಹೊತ್ತು ನೆಲದ ಮೇಲೆ ಜಾರೋ ಬಂಡಿ) ಎಳೆಯೋ ಸ್ಪರ್ಧೆಯ ವಿಡಿಯೋ ನೋಡಿದಾಗಿಂದ ಅದೇ ಧ್ಯಾನ. ನಾವು ನಾಲ್ಕು ಜನ ಸೇರಿ ಒಂದು ಸ್ಲೆಡ್ ವೆಲ್ಡ್ ಮಾಡ್ತಿದ್ದೀವಿ. ಎಂಜಿನ್ನಿನ ಪಂಪಲ್ಲಿ ಡೀಸೆಲ್ ಜಾಸ್ತಿ ಮಾಡಿಸಿ, ಎಂಜಿನ್ ವೇಗದ ಮಿತಿ ಕಾಯೋ ಗವರ್ನರನ್ನು ನಿಮಿಷಕ್ಕೆ 2200 ಸುತ್ತಿಂದ 2800ಕ್ಕೆ ಏರಿಸಿದರೆ ಸಾಕಾ? ಜೆ.ಸಿ. ರೋಡಲ್ಲಿ ಹಳೇ ಲಾರಿ ಟರ್ಬೊ ಒಂದು ಸಿಕ್ಕಿದೆ. ಅದನ್ನೂ ಹಾಕಲಾ?

ಪಂಪ್ ಮೇಸ್ತ್ರಿ, ಕಲಾಸಿಪಾಳ್ಯ:
ತಮ್ಮಾ, ಗವರ್ನರ್ ಮುಟ್ಟಬೇಡ. ಮೊದಲು ಫ್ಲೈವೀಲ್, ಅಂದ್ರೆ ಎಂಜಿನ್ ಹಿಂದೆ ತಿರುಗೋ ಭಾರದ ಚಕ್ರ, ಬಿಚ್ಚಿ ನೋಡು.

2800 ಅಂದ್ರೆ ಕಾಲು ಭಾಗ ಜಾಸ್ತಿ ಅಷ್ಟೇ ಅನ್ಸುತ್ತೆ. ಆದ್ರೆ ಫ್ಲೈವೀಲನ್ನು ಸೀಳೋ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ. 100 ಇದ್ದದ್ದು 162 ಆಗುತ್ತೆ. ಪಿಸ್ಟನ್ ಹಿಡಿದಿರೋ ಕನೆಕ್ಟಿಂಗ್ ರಾಡ್ ಬೋಲ್ಟಿಗೂ ಇದೇ ಲೆಕ್ಕ.

ತುಂಬಾ ವರ್ಷದ ಹಿಂದೆ ಒಬ್ಬರ ಗಾಡಿಗೆ ನಾನೇ ಗವರ್ನರ್ ಏರಿಸಿಕೊಟ್ಟೆ. ಎರಡನೇ ಸಲ ಎಳೆಯುವಾಗ ಎರಕದ ಫ್ಲೈವೀಲ್ ಒಡೆದು, ಅದನ್ನು ಮುಚ್ಚಿರೋ ಬೆಲ್ ಹೌಸಿಂಗ್ ಸೀಳಿ, ಮಡ್‌ಗಾರ್ಡಲ್ಲಿ ಅಂಗೈ ಅಗಲ ತೂತಾಯ್ತು. ಡ್ರೈವರ್ ಆ ಗಳಿಗೆಯಲ್ಲಿ ಎಡಕ್ಕೆ ಬಾಗಿ ಹಿಂದೆ ನೋಡ್ತಿದ್ದ, ಉಳಿದ. ಆ ಚೂರು ಇವತ್ತಿಗೂ ನನ್ನ ಬೆಂಚಿನ ಮೇಲಿದೆ. ಒಡೆದ ಅಂಚೆಲ್ಲ ಬೂದು ಬಣ್ಣ, ಒಂದು ಮೂಲೆ ಮಾತ್ರ ಎಣ್ಣೆ ಕುಡಿದು ಕಪ್ಪಾಗಿದೆ. ಅಲ್ಲಿ ಮೊದಲೇ ಬಿರುಕಿತ್ತು. ನಾನು ನೋಡಿರಲಿಲ್ಲ.

ಪೀಣ್ಯದಲ್ಲಿ ಬಣ್ಣದ ಡೈ ಹಾಕಿ ಬಿರುಕು ತೋರಿಸಿಕೊಡ್ತಾರೆ. ಸ್ಪರ್ಧೆ ಅಂತಾದ್ರೆ ಉಕ್ಕಿನ ಫ್ಲೈವೀಲೇ ಮಾಡಿಸು, ಬೆಲ್ ಹೌಸಿಂಗಿಗೆ ಸುತ್ತ ಕವಚ ಬೇಕು. ದುಡ್ಡು ಮೊದಲು ಅಲ್ಲಿಗೆ ಹೋಗಲಿ.

ಇನ್ನು ಡೀಸೆಲ್. ಕಪ್ಪು ಹೊಗೆ ಕಂಡರೆ ಹುಡುಗರು ಶಿಳ್ಳೆ ಹೊಡೀತಾರೆ, ಆದ್ರೆ ಅದು ಗಾಳಿ ಸಾಲದೆ ವೇಸ್ಟಾದ ಡೀಸೆಲ್. ನಿನ್ನ ಎಂಜಿನ್ 2200ರಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 3800 ಲೀಟರ್ ಗಾಳಿ ಎಳ್ಕೊಳ್ಳುತ್ತೆ. ಅದಕ್ಕಿಂತ ಜಾಸ್ತಿ ಬೇಕಂದ್ರೆ ಟರ್ಬೊನೇ ಬೇಕು, ಆದ್ರೆ ಆ ಲಾರಿದಲ್ಲ. ದೊಡ್ಡ ಎಂಜಿನ್ನಿನ ಟರ್ಬೊ ನಿನ್ನದರಲ್ಲಿ ತಿರುಗಿ ಏಳೋಷ್ಟರಲ್ಲಿ ಸ್ಲೆಡ್ ನಿಂತುಬಿಟ್ಟಿರುತ್ತೆ. ನಿನ್ನ ಸಿಸಿಗೆ ಹೊಂದೋದು ಹುಡುಕು, ಹೊಗೆ ಪೈಪಿಗೆ ಟೆಂಪರೇಚರ್ ಮೀಟರ್ ಕೂರಿಸು. 700 ಡಿಗ್ರಿ ದಾಟಿದರೆ ಆಕ್ಸಿಲರೇಟರಿಂದ ಕಾಲು ತೆಗೆ, ಪಿಸ್ಟನ್ ಕರಗುತ್ತೆ.

ಚಿಕ್ಕೋಡಿ ಪಾಟೀಲ:
ಮೇಸ್ತ್ರಿಗಳು ಹೇಳಿದ್ದು ಖರೇ. ನಮ್ಮ ಕಡೆ ಜಾತ್ರೆಯಲ್ಲಿ ಟ್ರೇಲರ್ ರಿವರ್ಸ್ ಸ್ಪರ್ಧೆ ಇರುತ್ತೆ, ಅಲ್ಲಿ ಎಂಜಿನ್ನಿಗೆ ಇಷ್ಟು ಹಿಂಸೆ ಇಲ್ಲ. ಸ್ಲೆಡ್ಡಲ್ಲಿ ಭಾರದ ಪೆಟ್ಟಿಗೆ ಮುಂದಕ್ಕೆ ಸರಿದಷ್ಟೂ ಎಳೆತ ಏರುತ್ತೆ, 300 ಅಡಿ ಮುಟ್ಟಿದರೆ ಪೂರ್ತಿ ಎಳೆದ ಹಾಗೆ. ಸ್ಲೆಡ್ ಕಟ್ಟೋ ಕೊಂಡಿ ನೆಲದಿಂದ 20 ಇಂಚಿಗಿಂತ ಮೇಲಿಡಬೇಡಿ, ಗಾಡಿ ಮೂತಿ ಏಳುತ್ತೆ. ಎಂಜಿನ್ನಿಗೆ ಹೋಗೋ ಗಾಳಿ ಬಂದ್ ಮಾಡೋ ಫ್ಲಾಪ್ ಹಾಕಿ, ಅದರ ವೈರನ್ನು ಸ್ಲೆಡ್ಡಿಗೆ ಕಟ್ಟಿ. ಕೊಂಡಿ ಕಿತ್ತರೆ ಎಂಜಿನ್ ತಾನೇ ಆಫ್ ಆಗಬೇಕು.

ರಾಜಾನುಕುಂಟೆ ಹುಡುಗ:
ಟರ್ಬೊ ಬೇಡ ಅಂತ ಹೇಳಿಬಂದೆ. ಶನಿವಾರ ಫ್ಲೈವೀಲ್ ತೆಗೆಯೋಕೆ ಎಂಜಿನ್ ಬೇರೆ ಮಾಡಿ ಗಾಡಿನ ಎರಡು ಭಾಗ ಮಾಡ್ತೀನಿ. ಮೇಸ್ತ್ರಿ, ಫ್ಲೈವೀಲ್ ತೊಳೆದು ನಿಮ್ಮ ಹತ್ರ ತರಲಾ?

ಪಂಪ್ ಮೇಸ್ತ್ರಿ, ಕಲಾಸಿಪಾಳ್ಯ:
ತಗೊಂಡು ಬಾ. ತೊಳೀಬೇಡ. ಬಿರುಕಿದ್ರೆ ಎಣ್ಣೆಯೇ ಗೆರೆ ಎಳೆದು ತೋರಿಸುತ್ತೆ.