ಹಿತ್ತಲಿನಲ್ಲಿ ಕೇರೆ ಹಾವು, ಅಟ್ಟದಲ್ಲಿ ರಾತ್ರಿ ಸಪ್ಪಳ: ಹಿಡಿಸಿ ಸಾಗಿಸಬೇಕೇ, ಇರಗೊಡಬೇಕೇ?

ಪ್ರಶ್ನೆ: ಹಿತ್ತಲಮನೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ಚಾಮುಂಡಿ ಬೆಟ್ಟದ ತಪ್ಪಲಿನ ಹೊಸ ಬಡಾವಣೆಯೊಂದರಲ್ಲಿ ಮನೆ ಕಟ್ಟಿಸಿಕೊಂಡು ನಾವು ಬಂದು ಮೂರು ವರ್ಷಗಳಾದವು. ಹಿತ್ತಲಿನ ಕಾಂಪೌಂಡಿನಾಚೆ ಎರಡು ಖಾಲಿ ನಿವೇಶನಗಳಿದ್ದು, ಅಲ್ಲಿ ಲಂಟಾನ ಮತ್ತು ಪಾರ್ಥೇನಿಯಂ ಆಳೆತ್ತರಕ್ಕೆ ಬೆಳೆದಿವೆ. ಅದರಾಚೆ ಬೆಟ್ಟದ ಕುರುಚಲು ಕಾಡು. ಬೆಳಗಿನ ನವಿಲಿನ ಕೂಗಿಗೆ ನಾವು ಮೊದಲ ವರ್ಷವೇ ಒಗ್ಗಿಕೊಂಡೆವು. ಆದರೆ ಈ ವರ್ಷ ಎರಡು ವಿಷಯಗಳು ಮನೆಯ ನೆಮ್ಮದಿ ಕೆಡಿಸಿವೆ.

ಮೊದಲನೆಯದು ಹಾವು. ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ, ಬಿಸಿಲೇರುವ ಹತ್ತು ಗಂಟೆಯ ಹೊತ್ತಿಗೆ, ಹಳದಿ ಮಿಶ್ರಿತ ಕಂದು ಬಣ್ಣದ ಉದ್ದನೆಯ ಹಾವೊಂದು ವಾರಕ್ಕೆ ಎರಡು ಬಾರಿಯಾದರೂ ಕಾಣಿಸಿಕೊಳ್ಳುತ್ತದೆ. ಹೆಜ್ಜೆಯ ಸಪ್ಪಳವಾದೊಡನೆ ಮನೆ ಕಟ್ಟಿದಾಗ ಉಳಿದ ಇಟ್ಟಿಗೆ ಮತ್ತು ಹೆಂಚಿನ ರಾಶಿಯೊಳಗೆ ನುಸುಳಿಬಿಡುತ್ತದೆ. ಚಿತ್ರ ನೋಡಿದ ಪರಿಚಿತರೊಬ್ಬರು ಅದು ಕೇರೆ ಎಂದರು. ನಮ್ಮ ತಾಯಿಯವರು ಮಾತ್ರ, ಕೇರೆ ಇರುವಲ್ಲಿ ನಾಗರ ಇದ್ದೇ ಇರುತ್ತದೆ, ಅವೆರಡೂ ಕೂಡುತ್ತವೆ ಎಂದು ಹಿತ್ತಲಿಗೆ ಹೋಗುವುದನ್ನೇ ನಿಲ್ಲಿಸಿದ್ದಾರೆ.

ಎರಡನೆಯದು ಅಟ್ಟ. ಹಿಂಬದಿಯ ಉಗ್ರಾಣದ ಕೋಣೆಗೆ ಮಂಗಳೂರು ಹೆಂಚು ಹೊದಿಸಿದ್ದೇವೆ. ರಾತ್ರಿ ಒಂಬತ್ತರ ನಂತರ ಅದರ ಮೇಲೆ ಯಾರೋ ನಡೆದಾಡಿದಂತೆ ಸಪ್ಪಳ ಕೇಳಿಸುತ್ತದೆ. ಬೆಳಿಗ್ಗೆ ಅರ್ಧ ತಿಂದ ಪಪ್ಪಾಯಿ ಮತ್ತು ಸಜ್ಜೆಯ ಮೇಲೆ ಬೀಜಗಳೇ ತುಂಬಿದ ಹಿಕ್ಕೆ ಸಿಗುತ್ತವೆ. ಕೆಲವು ರಾತ್ರಿ ಯಾರ ಮನೆಯಲ್ಲೂ ಒಲೆ ಉರಿಯದ ಹೊತ್ತಿನಲ್ಲಿ ಸಣ್ಣಕ್ಕಿ ಅನ್ನ ಬೆಂದಂತಹ ಘಮ ಬರುತ್ತದೆ.

ನಮ್ಮ ನಿವಾಸಿಗಳ ಸಂಘದವರು ಹಾವನ್ನೂ ಅಟ್ಟದ ಪ್ರಾಣಿಯನ್ನೂ ಹಿಡಿಸಿ ದೂರದ ಕಾಡಿಗೆ ಬಿಡಿಸೋಣ, ಕಾಂಪೌಂಡಿನುದ್ದಕ್ಕೂ ನೈಲಾನ್ ಬಲೆ ಕಟ್ಟಿಸಿ ಕಾರ್ಬಾಲಿಕ್ ಆಮ್ಲ ಸಿಂಪಡಿಸೋಣ ಎನ್ನುತ್ತಿದ್ದಾರೆ. ನನಗೆ ನಾಲ್ಕು ವರ್ಷದ ಮಗಳಿದ್ದಾಳೆ. ಆ ಜೀವಿಗಳಿಗೆ ಕೇಡು ಮಾಡುವ ಮನಸ್ಸು ನನಗಿಲ್ಲ. ಹಾಗೆಂದು ಮಗಳನ್ನು ಹಿತ್ತಲಿಗೆ ಆಡಲು ಬಿಟ್ಟು ನಿಶ್ಚಿಂತೆಯಿಂದ ಒಳಗಿರಲೂ ಆಗುತ್ತಿಲ್ಲ. ಅನುಭವವಿರುವವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ತುರಹಳ್ಳಿ ಅಂಚು (ಬೆಂಗಳೂರು)

ನಮಸ್ಕಾರ. ತುರಹಳ್ಳಿ ಕಾಡಿನ ಅಂಚಿನಲ್ಲಿ ಹನ್ನೆರಡು ವರ್ಷಗಳಿಂದ ವಾಸವಾಗಿದ್ದೇನೆ. ನೀವು ಈಗ ಪಡುತ್ತಿರುವ ಆತಂಕವನ್ನು ಮೊದಲ ಎರಡು ವರ್ಷ ನಾನೂ ಪಟ್ಟಿದ್ದೇನೆ.

ನಿಮ್ಮ ವಿವರಣೆಯ ಪ್ರಕಾರ ಅದು ಕೇರೆಯೇ ಇರುವ ಸಂಭವ ಹೆಚ್ಚು. ಕೇರೆ ಹಗಲಿನಲ್ಲಿ ಓಡಾಡುವ, ವಿಷವಿಲ್ಲದ ಹಾವು. ಎರಡು ಮೀಟರಿಗೂ ಮೀರಿ ಬೆಳೆಯುತ್ತದೆ, ಇಲಿ ಮತ್ತು ಕಪ್ಪೆಗಳನ್ನು ತಿನ್ನುತ್ತದೆ. ಕಣ್ಣು ದೊಡ್ಡದಾಗಿದ್ದು, ತುಟಿಯ ಹುರುಪೆಗಳ ನಡುವೆ ಕಪ್ಪು ಗೆರೆಗಳು ಎದ್ದು ಕಾಣುತ್ತವೆ. ಆದರೆ ಹೆಡೆ ಬಿಚ್ಚಿಲ್ಲ ಎಂಬ ಒಂದೇ ಕಾರಣದಿಂದ ಯಾವ ಹಾವನ್ನೂ ಕೇರೆ ಎಂದು ತೀರ್ಮಾನಿಸಬೇಡಿ, ಏಕೆಂದರೆ ನಾಗರ ಹಾವು ಹೆದರಿದಾಗ ಮಾತ್ರ ಹೆಡೆ ಎತ್ತುತ್ತದೆ. ಗುರುತಿಸುವುದಕ್ಕೆಂದು ಹತ್ತಿರ ಹೋಗುವುದೂ ಬೇಡ.

ತಾಯಿಯವರಿಗೆ ಒಂದು ಮಾತನ್ನು ಸಮಾಧಾನದಿಂದ ತಿಳಿಸಿ. ಕೇರೆ ಮತ್ತು ನಾಗರ ಬೇರೆ ಬೇರೆ ಜಾತಿಯ ಹಾವುಗಳು, ಅವು ಕೂಡುವುದಿಲ್ಲ. ಎರಡು ಹಾವುಗಳು ಹೆಣೆದುಕೊಂಡು ಮೇಲೇಳುವುದನ್ನು ನಮ್ಮ ಹಿರಿಯರು ಕಂಡದ್ದು ಸುಳ್ಳಲ್ಲ. ಅದು ಬಹುಪಾಲು ಎರಡು ಗಂಡು ಕೇರೆಗಳು ಬಲ ಪರೀಕ್ಷೆಗಿಳಿದ ಹೊತ್ತು. ಆದರೂ ಅವರ ಎಚ್ಚರಿಕೆಯಲ್ಲಿ ಹುರುಳಿದೆ. ಕೇರೆಯನ್ನು ಕರೆತಂದ ಇಲಿ ಮತ್ತು ಅದಕ್ಕೆ ನೆಲೆ ಕೊಟ್ಟ ಇಟ್ಟಿಗೆ ರಾಶಿ, ಇವೆರಡೂ ನಾಗರನಿಗೂ ಕೊಳಕು ಮಂಡಲಕ್ಕೂ ಅಷ್ಟೇ ಪ್ರಿಯ. ಆದ್ದರಿಂದ ಈಗಿರುವ ಹಾವನ್ನು ಸಾಗಿಸಿದರೂ ಇಲಿ ಮತ್ತು ರಾಶಿ ಇರುವವರೆಗೆ ಆ ಜಾಗ ಖಾಲಿಯಾಗಿ ಉಳಿಯುವುದಿಲ್ಲ, ಮುಂದೆ ಬರುವುದು ಯಾವುದೆಂದು ಆರಿಸಿಕೊಳ್ಳುವ ಅವಕಾಶವೂ ನಮಗಿರುವುದಿಲ್ಲ.

ದೂರದ ಕಾಡಿಗೆ ಬಿಡುವ ಯೋಚನೆಯನ್ನು ಸಂಘದವರು ಕೈಬಿಡುವುದು ಒಳ್ಳೆಯದು. ತನಗೆ ಪರಿಚಯವಿಲ್ಲದ ನೆಲದಲ್ಲಿ ಹಾವಿಗೆ ಬಿಲ ಎಲ್ಲಿದೆ, ನೀರು ಎಲ್ಲಿದೆ ಎಂಬುದು ಗೊತ್ತಿರುವುದಿಲ್ಲ. ಅದು ಗೊತ್ತುಗುರಿಯಿಲ್ಲದೆ ಅಲೆದು ರಸ್ತೆಯಲ್ಲೋ ಇನ್ನೊಂದು ಪ್ರಾಣಿಯ ಬಾಯಲ್ಲೋ ಸಾಯುವ ಸಂಭವವೇ ಹೆಚ್ಚು. ದೊಡ್ಡ ಪ್ರಾಣಿಗಳ ವಿಷಯದಲ್ಲಿ ಇದರ ಫಲ ಇನ್ನೂ ಕಹಿಯಾಗಿದೆ. ಮಹಾರಾಷ್ಟ್ರದ ಜುನ್ನರ್ ಪ್ರದೇಶದಲ್ಲಿ ಎರಡು ದಶಕಗಳ ಹಿಂದೆ ಚಿರತೆಗಳನ್ನು ಹಿಡಿದು ಬೇರೆಡೆ ಬಿಟ್ಟಾಗ ಮನುಷ್ಯರ ಮೇಲಿನ ದಾಳಿಗಳು ತಗ್ಗುವ ಬದಲು ಹೆಚ್ಚಿದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಬಲೆ ಒಡ್ಡುವುದು ಕೂಡ ಬೇಟೆಯೇ. 2022ರ ತಿದ್ದುಪಡಿಯ ನಂತರ ಕೇರೆ ಮತ್ತು ನಾಗರ ಎರಡೂ ಮೊದಲನೇ ಅನುಸೂಚಿಯಲ್ಲಿವೆ. ಆ ಅನುಸೂಚಿಯ ಪ್ರಾಣಿಗಳ ಬೇಟೆಗೆ ಮೂರರಿಂದ ಏಳು ವರ್ಷಗಳ ಸೆರೆವಾಸ ಮತ್ತು ಕನಿಷ್ಠ 25,000 ರೂಪಾಯಿ ದಂಡವಿದೆ. ಹಾವು ಮನೆಯೊಳಗೆ ಬಂದರೆ, ಮಕ್ಕಳನ್ನು ದೂರ ನಿಲ್ಲಿಸಿ, ಅದರ ಮೇಲೆ ಕಣ್ಣಿಟ್ಟು, ಅರಣ್ಯ ಇಲಾಖೆಯ ವಲಯ ಕಚೇರಿಗೆ ತಿಳಿಸಿ. ಇಲಾಖೆಯ ಒಪ್ಪಿಗೆಯುಳ್ಳವರು ಬಂದು ಹಿಡಿದು ಆಸುಪಾಸಿನಲ್ಲೇ ಸೂಕ್ತ ಜಾಗ ನೋಡಿ ಬಿಡುತ್ತಾರೆ.

ನೈಲಾನ್ ಬಲೆಯನ್ನಂತೂ ಖಂಡಿತ ಕಟ್ಟಿಸಬೇಡಿ. ನಮ್ಮ ಬೀದಿಯ ತೋಟವೊಂದರಲ್ಲಿ ಅಂತಹ ಬಲೆಗೆ ಸಿಕ್ಕ ಕೇರೆಯೊಂದನ್ನು ಬಿಡಿಸಲು ನಾನು ಹೋಗಿದ್ದೆ. ಹೊರಬರಲು ಮಿಸುಕಿದಷ್ಟೂ ದಾರ ಹುರುಪೆಗಳ ಕೆಳಗೆ ಇಳಿದು ಮೈಯೆಲ್ಲ ಸೀಳಿತ್ತು. ಅದು ಸಂಜೆಯ ಹೊತ್ತಿಗೆ ಸತ್ತಿತು. ಆ ದೃಶ್ಯ ಇಂದಿಗೂ ಕಣ್ಣಿನಿಂದ ಮರೆಯಾಗಿಲ್ಲ. ಕಾರ್ಬಾಲಿಕ್ ಆಮ್ಲದ ವಾಸನೆಗೆ ಹಾವು ಬರುವುದಿಲ್ಲ ಎಂಬುದಕ್ಕೆ ಆಧಾರವಿಲ್ಲ; ಅದು ಚರ್ಮವನ್ನು ಸುಡುವ ವಸ್ತು, ಬರಿಗಾಲಿನಲ್ಲಿ ಆಡುವ ನಿಮ್ಮ ಮಗಳಿಗೇ ಅದರಿಂದ ಅಪಾಯ. ಇಲಿ ಪಾಷಾಣವೂ ಬೇಡ, ವಿಷ ತಿಂದ ಇಲಿಯನ್ನು ಹಿಡಿಯುವ ಗೂಬೆ ಮತ್ತು ಮುಂಗುಸಿಗಳೂ ಅದಕ್ಕೆ ಬಲಿಯಾಗುತ್ತವೆ.

ಮಾಡಬೇಕಾದ ಕೆಲಸ ಶ್ರಮದ್ದು, ಆದರೆ ಸರಳ. ಇಟ್ಟಿಗೆ ರಾಶಿಯನ್ನು ಹಗಲು ಹೊತ್ತಿನಲ್ಲಿ, ಮೊಣಕಾಲಿನವರೆಗಿನ ಗಂಬೂಟು ಧರಿಸಿ, ಮೊದಲು ಉದ್ದನೆಯ ಕೋಲಿನಿಂದ ಸದ್ದು ಮಾಡಿ, ಮೇಲಿನಿಂದ ಒಂದೊಂದಾಗಿ ತೆಗೆಯಿರಿ. ಹಾವಿಗೆ ಹೊರಹೋಗಲು ಒಂದು ಬದಿಯನ್ನು ಬಿಟ್ಟಿರಿ. ಹಿಂಬಾಗಿಲಿನ ಕೆಳಸಂದಿಗೆ ರಬ್ಬರು ಪಟ್ಟಿ ಹಾಕಿಸಿ, ಬಚ್ಚಲಿನ ನೀರು ಹೋಗುವ ಕಿಂಡಿಗೆ ಜಾಲರಿ ಕೂರಿಸಿ. ಖಾಲಿ ನಿವೇಶನದ ಮಾಲೀಕರೊಂದಿಗೆ ಮಾತನಾಡಿ, ನಿಮ್ಮ ಗೋಡೆಯಿಂದ ನಾಲ್ಕೈದು ಅಡಿ ಅಗಲಕ್ಕಾದರೂ ಗಿಡಗಂಟಿ ಸವರಿಸಿ. ಮಳೆಗಾಲಕ್ಕೆ ಮುನ್ನ ಇದು ಮುಗಿಯಬೇಕು, ಏಕೆಂದರೆ ನಾಗರ ಹಾವಿನ ಮರಿಗಳು ಮೊಟ್ಟೆಯೊಡೆದು ಬರುವುದೂ ಕೊಳಕು ಮಂಡಲ ಮರಿ ಹಾಕುವುದೂ ಆ ಹೊತ್ತಿನಲ್ಲೇ.

ಉತ್ತರ: ಅಡಕೆ ತೋಟ (ತೀರ್ಥಹಳ್ಳಿ)

ಅಟ್ಟದ ವಿಷಯವನ್ನಷ್ಟೇ ಬರೆಯುತ್ತೇನೆ. ನೀವು ಸಣ್ಣಕ್ಕಿ ಅನ್ನದ ಘಮ ಎಂದು ಬರೆದುದನ್ನು ಓದಿದೊಡನೆ ನನಗೆ ನಮ್ಮ ಹಳೆಯ ಮನೆಯ ಮಾಡು ನೆನಪಾಯಿತು. ಅದು ಪುನುಗು ಬೆಕ್ಕಿನ ಬಳಗದ ಪ್ರಾಣಿ. ನಮ್ಮ ಕಡೆ ಕಬ್ಬೆಕ್ಕು ಎನ್ನುತ್ತೇವೆ. ಅದರ ಗ್ರಂಥಿಯ ಸ್ರಾವಕ್ಕೆ ಅಂತಹ ವಾಸನೆ ಇದೆ. ಮಲಯ ಭಾಷೆಯಲ್ಲಿ ಅದನ್ನು ಕೇದಗೆಯ ಬಳಗದ, ಅನ್ನಕ್ಕೆ ಪರಿಮಳ ಕೊಡುವ ಎಲೆಯ ಹೆಸರಿನಿಂದಲೇ ಕರೆಯುತ್ತಾರೆ. ಇದು ಬೆಕ್ಕಿನ ಜಾತಿಯದಲ್ಲ, ಮನುಷ್ಯರ ಮೇಲೆ ತಾನಾಗಿ ಎರಗುವುದೂ ಇಲ್ಲ. ಹಣ್ಣು, ಇಲಿ, ಹುಳುಹುಪ್ಪಟೆ ಇದರ ಆಹಾರ. ಹಿಕ್ಕೆಯಲ್ಲಿ ನೀವು ಕಂಡ ಬೀಜಗಳು ಮೊಳೆಯುತ್ತವೆ. ನಮ್ಮ ತೋಟದ ಬೇಲಿಯಲ್ಲಿರುವ ಎಷ್ಟೋ ಬಗನಿ ಗಿಡಗಳನ್ನು ನೆಟ್ಟವರು ನಾವಲ್ಲ.

ಕಬ್ಬೆಕ್ಕು ಅಟ್ಟವನ್ನು ಆರಿಸಿಕೊಳ್ಳುವುದು ಹೆಚ್ಚಾಗಿ ಮರಿಗಳಿಗಾಗಿ. ಹೀಗಿರುವಾಗ ನೀವು ಅವಸರದಿಂದ ಹೆಂಚಿನ ಸಂದಿಯನ್ನು ಮುಚ್ಚಿಸಿದರೆ ತಾಯಿ ಹೊರಗೆ, ಮರಿಗಳು ಒಳಗೆ ಉಳಿಯುತ್ತವೆ. ನಮ್ಮ ಮನೆಯಲ್ಲಿ ಒಮ್ಮೆ ಹೀಗೇ ಆಯಿತು. ತಾಯಿ ರಾತ್ರಿಯಿಡೀ ಹೆಂಚನ್ನು ಕೆರೆಯುತ್ತಿತ್ತು, ಬೆಳಗಾಗುವುದರೊಳಗೆ ಏಳು ಹೆಂಚುಗಳು ಕೆಳಗೆ ಬಿದ್ದಿದ್ದವು. ಮರಿಗಳು ಬೆಳೆದು ತಾಯಿಯೊಂದಿಗೆ ಹೊರಹೋಗುವವರೆಗೆ ತಾಳಿಕೊಳ್ಳಿ. ನಂತರ ಅಟ್ಟದಲ್ಲಿ ಕೆಲವು ದಿನ ದೀಪ ಉರಿಸಿಡಿ; ಬೆಳಕಿರುವಲ್ಲಿ ಅದು ಮಲಗುವುದಿಲ್ಲ. ಮಾಡಿಗೆ ತಾಗಿರುವ ಕೊಂಬೆಗಳನ್ನು ಸವರಿ, ಪಪ್ಪಾಯಿಯನ್ನು ಬಲಿತ ಕೂಡಲೇ ಕೊಯ್ದು ಒಳಗೆ ಹಣ್ಣು ಮಾಡಿಕೊಳ್ಳಿ. ಒಂದೆರಡನ್ನು ಮರದಲ್ಲಿ ಬಿಡುವುದು ನಮ್ಮ ಮನೆಯ ರೂಢಿ. ನೀವೂ ಹಾಗೇ ಮಾಡಬೇಕೆಂದು ಒತ್ತಾಯಿಸುವುದಿಲ್ಲ.

ಉತ್ತರ: ಶುಶ್ರೂಷಕಿ (ತಾಲ್ಲೂಕು ಆಸ್ಪತ್ರೆ)

ಮೇಲಿನವರ ಮಾತುಗಳನ್ನು ಒಪ್ಪುತ್ತೇನೆ, ಆದರೆ ಭಯವನ್ನು ಪೂರ್ತಿ ಬಿಡಬೇಡಿ ಎಂದು ಹೇಳುವುದು ನನ್ನ ಕರ್ತವ್ಯ. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆ ಎಂಬ ಅಂದಾಜಿದೆ. 2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಪ್ರತಿಯೊಂದು ಕಡಿತವನ್ನೂ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾಗಿದೆ.

ಕಡಿತವಾದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಹಾವನ್ನು ಹಿಡಿದು ತರಲು ಹೊತ್ತು ಕಳೆಯಬೇಡಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆದು, ಕಡಿತವಾದ ಅಂಗ ಅಲುಗದಂತೆ ನೋಡಿಕೊಂಡು, 108ಕ್ಕೆ ಕರೆ ಮಾಡಿ ಪ್ರತಿವಿಷ ಇರುವ ಆಸ್ಪತ್ರೆಗೆ ನೇರವಾಗಿ ಬನ್ನಿ. ನಮ್ಮಲ್ಲಿರುವ ಪ್ರತಿವಿಷ ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೂ ಕೆಲಸ ಮಾಡುತ್ತದೆ. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಅದು ಸದಾ ಸಿಗುತ್ತದೆ ಎಂಬುದನ್ನು ಇಂದೇ ವಿಚಾರಿಸಿ ಗೋಡೆಯ ಮೇಲೆ ಬರೆದಿಡಿ. ಕಟ್ಟು ಹಾವಿನ ಕಡಿತ ರಾತ್ರಿ ನಿದ್ರೆಯಲ್ಲಿ ಆಗುತ್ತದೆ, ಅನೇಕ ಬಾರಿ ನೋವೇ ಇರುವುದಿಲ್ಲ. ಆದ್ದರಿಂದ ತಾಯಿಯವರಾಗಲಿ ಮಗುವಾಗಲಿ ನೆಲದ ಮೇಲೆ ಮಲಗುವ ರೂಢಿಯಿದ್ದರೆ ಮಂಚಕ್ಕೆ ಬದಲಾಯಿಸಿ, ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ.

ಮರುಪ್ರಶ್ನೆ: ಹಿತ್ತಲಮನೆ (ಮೈಸೂರು)

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಋಣಿಯಾಗಿದ್ದೇನೆ. ಕಳೆದ ಭಾನುವಾರ ಇಬ್ಬರು ಕೆಲಸಗಾರರೊಂದಿಗೆ ನಿಂತು ರಾಶಿಯನ್ನು ತೆಗೆಸಿದೆ. ಹಾವು ಸಿಗಲಿಲ್ಲ, ತಳದಲ್ಲಿ ಆರಡಿಗೂ ಮೀರಿದ ಪೊರೆಯೊಂದಿತ್ತು, ಸುತ್ತ ಇಲಿಯ ಬಿಲಗಳಿದ್ದವು. ತಾಯಿಯವರು ಪೊರೆಯನ್ನು ಹತ್ತಿರದಿಂದ ನೋಡಿ, ಬಹಳ ಹೊತ್ತಿನ ನಂತರ, ಬಿಲಗಳನ್ನು ಮೊದಲು ಮುಚ್ಚಿಸು ಎಂದರು. ಬಲೆಯ ವಿಷಯವನ್ನು ಸಂಘದವರು ಮುಂದಿನ ಸಭೆಯವರೆಗೆ ತಡೆಹಿಡಿದಿದ್ದಾರೆ. ಅಟ್ಟದಲ್ಲಿ ಮರಿಗಳಿವೆಯೋ, ಹೋಗಿವೆಯೋ ಎಂದು ಮೇಲೆ ಹತ್ತದೆ ತಿಳಿಯುವುದು ಹೇಗೆ?

ಉತ್ತರ: ಅಡಕೆ ತೋಟ (ತೀರ್ಥಹಳ್ಳಿ)

ಅದು ಇಳಿದು ಬರುವ ಸಜ್ಜೆಯ ಮೇಲೆ ಸಂಜೆ ತೆಳುವಾಗಿ ರಂಗೋಲಿ ಪುಡಿ ಉದುರಿಸಿ. ಬೆಳಿಗ್ಗೆ ದೊಡ್ಡ ಹೆಜ್ಜೆಗಳ ಜೊತೆ ಚಿಕ್ಕ ಹೆಜ್ಜೆಗಳೂ ಕಾಣತೊಡಗಿದರೆ ಮರಿಗಳು ತಾಯಿಯ ಹಿಂದೆ ಹೊರಡಲು ಕಲಿತಿವೆ ಎಂದರ್ಥ. ಆಮೇಲೆ ದೀಪ ಹಚ್ಚಿಡಿ. ಸತತವಾಗಿ ನಾಲ್ಕೈದು ರಾತ್ರಿ ಪುಡಿಯ ಮೇಲೆ ಯಾವ ಗುರುತೂ ಬೀಳದಿದ್ದರೆ, ಹಗಲಿನಲ್ಲಿ ಒಮ್ಮೆ ಕಿವಿಗೊಟ್ಟು ಒಳಗೆ ಮರಿಗಳ ಸದ್ದಿಲ್ಲವೆಂದು ಖಚಿತಪಡಿಸಿಕೊಂಡು, ಸಂದಿಗೆ ತಂತಿ ಜಾಲರಿ ಹೊಡೆಸಿ.