ಗಾರ್ಲಿಕ್ ಚೈವ್ಸ್: ಕತ್ತರಿಸಿದ ಮೇಲೆ ಚಿಗುರು ದಾರದ ಹಾಗೆ, ತುದಿ ಹಳದಿ

ತಾರಸಿ_ಹಸಿರು:
ಗಾರ್ಲಿಕ್ ಚೈವ್ಸ್ (ಬೆಳ್ಳುಳ್ಳಿ ಘಮದ ಸೊಪ್ಪು) ಕತ್ತರಿಸಿದ ಮೇಲೆ ಬರೋ ಎಲೆ ದಾರದಷ್ಟು ಸಣ್ಣ, ತುದಿಯೆಲ್ಲ ಹಳದಿ. ನೀರು, ಗೊಬ್ಬರ ಎಲ್ಲಾ ಸರಿಯಾಗೇ ಕೊಡ್ತಿದ್ದೀನಿ. ತಲೆ ಕೆಟ್ಟುಹೋಗಿದೆ, ಯಾರಾದ್ರೂ ದಾರಿ ಹೇಳಿ.

ಬೇವು_ಬಳಗ:
ಥ್ರಿಪ್ಸ್ (ಎಲೆಯ ರಸ ಹೀರೋ ಸಣ್ಣ ಹುಳ), ಸಂಶಯವೇ ಬೇಡ. ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, 2 ಎಂಎಲ್ ಸೋಪಿನ ದ್ರಾವಣ. ಸಂಜೆ ಹೊತ್ತು ಹೊಡೀರಿ, ವಾರ ಬಿಟ್ಟು ಇನ್ನೊಮ್ಮೆ.

ಕುಂಡ_ಕೃಷಿ:
ಥ್ರಿಪ್ಸ್ ಆದ್ರೆ ಎಲೆ ಮೇಲೆ ಬೆಳ್ಳಿ ಬಣ್ಣದ ಗೀರು, ಸಣ್ಣ ಕರಿ ಚುಕ್ಕೆ ಕಾಣಬೇಕು. ಕೆಳಗೆ ಬಿಳಿ ಹಾಳೆ ಹಿಡಿದು ಎಲೆ ತಟ್ಟಿ ನೋಡಿ. ಕುಂಡ ಎಷ್ಟು ಇಂಚು? ಅಡಿಯಲ್ಲಿ ತಟ್ಟೆ ಇದೆಯಾ? ಬುಡ ಬಿಡಿಸಿ ಎಷ್ಟು ಕಾಲ ಆಯ್ತು?

ಬೇವು_ಬಳಗ:
ಹಾಳೆಗೆ ಎಲ್ಲಿ ಬೀಳುತ್ತೆ ಸ್ವಾಮಿ, ಅದು ಸುಳಿಯೊಳಗೆ ಅಡಗಿರುತ್ತೆ. ಮೊದಲು ಎಣ್ಣೆ ಹೊಡೀಲಿ.

ತಾರಸಿ_ಹಸಿರು:
ಗೀರೂ ಇಲ್ಲ, ಹಾಳೆಗೆ ಏನೂ ಬೀಳಲಿಲ್ಲ. 6 ಇಂಚಿನ ಕುಂಡ, ತಟ್ಟೆ ಇದೆ. ನರ್ಸರಿಯಿಂದ ತಂದ ಅದೇ ಕುಂಡ, ಮೂರು ವರ್ಷ ಆಗಿರಬಹುದು. ಬುಡ ಬಿಡಿಸೋದು ಅಂದ್ರೆ?

ಕುಂಡ_ಕೃಷಿ:
ಅಲ್ಲೇ ಇದೆ ನೋಡಿ. ತೆಂಡೆ (ಬುಡದಿಂದ ಏಳೋ ಮರಿ) ಒಡೆದು ಒಡೆದು ಬೇರು ಕುಂಡ ತುಂಬಿದೆ, ಸಾಲದ್ದಕ್ಕೆ ತಟ್ಟೆಯಲ್ಲಿ ನಿಂತ ನೀರು ಬೇರೆ. ಬುಡ ಬಿಡಿಸೋದು ಅಂದ್ರೆ ತೆಂಡೆಗಳನ್ನ ಬೇರ್ಪಡಿಸಿ ಮತ್ತೆ ನೆಡೋದು. ಗಿಡವನ್ನ ಇಡಿಯಾಗಿ ಹೊರಗೆ ತೆಗೀರಿ. ಬೇರು ಬೆಳ್ಳಗೆ ಗಟ್ಟಿಯಾಗಿದ್ರೆ ಸರಿ, ಕಂದಾಗಿ ಮೆತ್ತಗಿರೋದನ್ನ ಎಸೀರಿ. 5–6 ತೆಂಡೆಯ ಗುಂಪು ಮಾಡಿ, ಬೇರಿನ ತುದಿ ಸ್ವಲ್ಪ ಕತ್ತರಿಸಿ, 10 ಇಂಚಿನ ಕುಂಡಕ್ಕೆ ಮೂರು ಗುಂಪು ನೆಡಿ. 2 ಪಾಲು ಕೆಂಪು ಮಣ್ಣು, 1 ಪಾಲು ಎರೆಗೊಬ್ಬರ, 1 ಪಾಲು ದಪ್ಪ ಮರಳು, ಒಂದು ಹಿಡಿ ಬೇವಿನ ಹಿಂಡಿ. ನಾಲ್ಕೈದು ದಿನ ನೆರಳು, ಆಮೇಲೆ 5–6 ಗಂಟೆ ಬಿಸಿಲು. ಮೇಲಿನ ಒಂದಿಂಚು ಮಣ್ಣು ಒಣಗಿದ ಮೇಲಷ್ಟೇ ನೀರು. ಎಲೆ 20 ಸೆಂ.ಮೀ. ಆಗೋವರೆಗೆ ಕತ್ತರಿ ಮುಟ್ಟಿಸಬೇಡಿ, ಆಮೇಲೂ 3 ಸೆಂ.ಮೀ. ಬಿಟ್ಟು ಕೊಯ್ಯಿರಿ.

ಮಹಡಿ_ಮಾಲಿ:
3 ಸೆಂ.ಮೀ. ಯಾಕೆ? ಮಣ್ಣಿನ ಮಟ್ಟಕ್ಕೇ ಕೊಯ್ದ್ರೂ ಬರುತ್ತೆ. ನಮ್ಮ ಗಿಡದ ಎಲೆ ಕಿರುಬೆರಳಗಲ.

ಕುಂಡ_ಕೃಷಿ:
ಕೊಬ್ಬಿದ ಬುಡಕ್ಕೆ ಅದು ನಡೆಯುತ್ತೆ. ಸೊರಗಿದ ಗಿಡಕ್ಕೆ ಒಂದಿಷ್ಟು ಹಸಿರು ಉಳಿಸಿದ್ರೇನೇ ಬೇಗ ಚೇತರಿಸಿಕೊಳ್ಳೋದು.

ಬೇವು_ಬಳಗ:
ಬಿಡಿಸುವಾಗ ಸುಳಿ ಸೀಳಿ ನೋಡಿ, ಫೋಟೋ ಹಾಕಿ. ಥ್ರಿಪ್ಸ್ ಇದ್ದೇ ಇರುತ್ತೆ.

ಸೊಪ್ಪಿನ_ಮಡಿ:
ಇದು ಮಣಿಪುರದ ಮರೋಯ್ ನಾಕುಪ್ಪಿ ತಾನೇ? ಬೀಜ ಹಾಕಿದ್ದೆ, ಹುಟ್ಟಲೇ ಇಲ್ಲ.

ಕುಂಡ_ಕೃಷಿ:
ಅದೇ. ಬೀಜ ವರ್ಷ ದಾಟಿದ್ರೆ ಮೊಳಕೆ ಬಹಳ ಕಮ್ಮಿ. ತಾಜಾ ಬೀಜವೂ ಎರಡು ಮೂರು ವಾರ ತಗೊಳ್ಳುತ್ತೆ. ತಾರಸಿಯವರು ಬುಡ ಬಿಡಿಸಿದಾಗ ನಾಲ್ಕು ತೆಂಡೆ ಕೇಳಿ ಇಸ್ಕೊಳ್ಳಿ.